ಹಾರ್ಲನ್‌ನ ಒಂಬತ್ತು ಅಂಕಿ

ವಿಯೆಟ್ನಾಂ ಯುದ್ಧದಿಂದ ಮರಳಿದ ವಾರವೇ ಹಾರ್ಲನ್ ಸ್ಟಿಡಮ್ ತನ್ನ ಸೈನ್ಯದ ಬಿಡುಗಡೆ ಪತ್ರವನ್ನು ತನ್ನ ಜಿಲ್ಲೆಯಾದ ಬ್ರೆಂಟ್ ಕೌಂಟಿಯ ಕಚೇರಿಯಲ್ಲಿ ದಾಖಲು ಮಾಡಿಸಿದ. ಮನೆ ಸುಟ್ಟುಹೋದರೂ ಅಲ್ಲೊಂದು ಪ್ರತಿ ಉಳಿಯುತ್ತದೆಂದು ಸೈನ್ಯದವರೇ ಹೇಳಿ ಕಳಿಸಿದ್ದರು. ಅದರಲ್ಲಿ ಅವನ ಸೋಷಿಯಲ್ ಸೆಕ್ಯುರಿಟಿ ನಂಬರೂ ಇತ್ತು; ಅಮೆರಿಕದಲ್ಲಿ ಕೆಲಸಕ್ಕೂ ಬ್ಯಾಂಕಿಗೂ ಗುರುತಾಗಿ ಕೇಳುವ ಒಂಬತ್ತು ಅಂಕಿ ಅದು.

ಮೂವತ್ತು ವರ್ಷದ ಮೇಲೆ ಕೌಂಟಿಯವರು ಹಳೆಯ ಕಡತಗಳನ್ನೆಲ್ಲ ಇಂಟರ್ನೆಟ್ಟಿಗೆ ಏರಿಸಿದರು. ಯಾವನೋ ಒಬ್ಬ ಆ ನಂಬರನ್ನು ಎತ್ತಿಕೊಂಡು, ಫ್ಲಾರಿಡಾದಲ್ಲಿ ಹಾರ್ಲನ್ ಆಗಿ ಬದುಕಿ, ಮಾದಕವಸ್ತು ಮಾರುವಾಗ ಸಿಕ್ಕಿಬಿದ್ದ.

ಹಾರ್ಲನ್ ಶಾಲೆಯ ಬಸ್ಸು ಓಡಿಸುತ್ತಿದ್ದ. ಚಾಲಕರ ಪೂರ್ವಾಪರ ವಿಚಾರಿಸಿದ ಶಾಲಾ ಮಂಡಳಿಯವರು ಆ ಕೇಸು ಅವನ ಹೆಸರಿನಲ್ಲಿರುವುದು ಕಂಡು ಅವನಿಂದ ಬಸ್ಸಿನ ಕೀಲಿ ವಾಪಸು ಕೇಳಿದರು.

"ನಾನು ಫ್ಲಾರಿಡಾ ಕಂಡೇ ಇಲ್ಲ ಕಣ್ರೀ!"

"ನಮಗೆ ಗೊತ್ತಪ್ಪ. ಆದ್ರೆ ಮಕ್ಕಳ ವಿಷಯ. ಎಲ್ಲ ಸರಿಯಾಗ್ಲಿ, ಆಮೇಲೆ ಬಾ."

ನಂಬರ್ ಸೋರಿದ್ದು ಕೌಂಟಿಯ ಕಡತದಿಂದಲೇ ಎಂದು ತಿಳಿದು ಅವನು ನೇರ ಅಲ್ಲಿನ ಕಚೇರಿಗೆ ಹೋದ. ಅಲ್ಲಿನ ಅಧಿಕಾರಿ ನೊರೀನ್, ಅವನ ಹೆಂಡತಿ ಆರ್ಡಿತ್‌ಳ ಜೊತೆ ಚರ್ಚಿನಲ್ಲಿ ಹಾಡುವವಳು.

"ಆ ನಂಬರ್ ಅಳಿಸ್ಬಿಡು, ನೊರೀನ್."

"ಹಂಗೆಲ್ಲ ಅಳಿಸಕ್ಕಾಗಲ್ಲ, ಸಾರ್ವಜನಿಕ ದಾಖಲೆ ಅದು. ಯಾವ ನಂಬರ್ ಮುಚ್ಚಬೇಕು ಅಂತ ಪೂರ್ತಿ ಬರೆದು ಅರ್ಜಿ ಕೊಡು."

"ನನ್ ಜೊತೆ ಯುದ್ಧದಿಂದ ಬಂದ ಹುಡುಗರ ನಂಬರೂ ಇದಾವಲ್ಲ?"

"ಅವರವರದ್ದು ಅವರವರು ಬಂದು ಕೇಳ್ಲಿ."

ಅವನು ಬರೆದು ಕೊಟ್ಟ. ಕೆಲವು ವಾರ ಕಳೆದು, ಹಳೆಯ ಪತ್ರದಲ್ಲಿ ನಂಬರಿನ ಮೇಲೆ ಕಪ್ಪು ಪಟ್ಟಿ ಬಿತ್ತು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಅದನ್ನು ನೋಡಿ ಆರ್ಡಿತ್ ಸಮಾಧಾನದ ಉಸಿರು ಬಿಟ್ಟಳು. ಮರುಕ್ಷಣವೇ ಗಂಡನ ತೋಳು ಹಿಡಿದಳು. ಕಚೇರಿಗೆ ಬಂದ ಅರ್ಜಿಯೂ ಸಾರ್ವಜನಿಕ ದಾಖಲೆಯೇ ತಾನೆ? ಅದನ್ನೂ ಏರಿಸಿದ್ದರು. ಒಂಬತ್ತೂ ಅಂಕಿ, ಹಾರ್ಲನ್‌ನದೇ ದುಂಡು ಕೈಬರಹದಲ್ಲಿ.

ನೊರೀನ್ ಮುಖ ಬಿಳುಚಿಕೊಂಡು ಅವನೆದುರೇ ಅದನ್ನು ಮುಚ್ಚಿಸಿದಳು.

"ನೋಡು, ಈಗ ಇಲ್ಲ."

"ನೋಡಿದೋರ ತಲೆಯಿಂದ ಹೆಂಗೆ ತೆಗೀತೀಯ?"

ಅವಳು ದನಿ ತಗ್ಗಿಸಿದಳು. "ಇನ್ನೊಂದಿದೆ ಹಾರ್ಲನ್. ಹೋದ ವರ್ಷ ಕಡತಗಳನ್ನೆಲ್ಲ ಡಿಸ್ಕಿಗೆ ಹಾಕಿ ಕಂಪನಿಗಳಿಗೆ ಮಾರಿದೀವಿ."

"ಯಾವ ಕಂಪನಿಗೆ?"

"ಕೇಳಿದೋರಿಗೆಲ್ಲ."

ಸಿಕ್ಕಿಬಿದ್ದವನ ಬೆರಳಚ್ಚು ಹಾರ್ಲನ್‌ನದಕ್ಕೆ ಹೊಂದಲಿಲ್ಲವೆಂದು ಫ್ಲಾರಿಡಾದ ಪೊಲೀಸರು ಒಪ್ಪುವಷ್ಟರಲ್ಲಿ ಬಸ್ಸು ಬೇರೊಬ್ಬನ ಕೈಸೇರಿತ್ತು. ಹಾರ್ಲನ್‌ನ ಬಸ್ಸಿನಲ್ಲೇ ಓಡಾಡಿದ ಮಕ್ಕಳ ತಾಯಿಯೊಬ್ಬಳು ಅಂಗಡಿಯಲ್ಲಿ ಅವನನ್ನು ಕಂಡು, "ತಪ್ಪು ನಿಮ್ದಲ್ವಂತೆ, ಪಾಪ" ಎಂದಳು. ಎನ್ನುತ್ತಲೇ ಮಗಳನ್ನು ತನ್ನ ಪಕ್ಕಕ್ಕೆಳೆದುಕೊಂಡಳು.

ಕೊನೆಗೆ ಹಾರ್ಲನ್ ಮರದ ಮಿಲ್ಲಿನಲ್ಲಿ ಕೆಲಸ ಕೇಳಲು ಹೋದ. ಕಿಟಕಿಯ ಹಿಂದಿದ್ದ ಹುಡುಗಿ ನಂಬರ್ ಕೇಳಿದಳು. ಅವನು ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಒಂದೊಂದೇ ಅಂಕಿ ಒದರಿದ.

"ಮೆಲ್ಲಗೆ ಹೇಳಿ ಸರ್, ಯಾರಾದ್ರೂ ಕೇಳಿಸ್ಕೊಂಡಾರು!"

"ಕೇಳಿಸ್ಕೊಳ್ಳದೆ ಇರೋರು ಇನ್ಯಾರು ಉಳಿದಿದಾರಮ್ಮ?" ಎಂದ ಹಾರ್ಲನ್. ಯಾರೂ ನಗಲಿಲ್ಲ.