ಟಗರುಗೊಂಬಿನ ಸೈಕಲ್ಲು

ಬಾಳಕೃಷ್ಣಾಚಾರ್ಯರ ಒಬ್ಬನೇ ಮಗ ಬಿಂದುಮಾಧವ ಎದೆಯಲ್ಲಿ ಕಫ ಕಟ್ಟಿ, ಉಸಿರಿಗಾಗಿ ಒದ್ದಾಡಿ ಪ್ರಾಣ ಬಿಟ್ಟ. ವರ್ಷಾಂತಿಕ ಮುಗಿಯುವ ಮೊದಲೇ ಅವನ ಸೈಕಲ್ಲೂ ಹೋಯಿತು. ಆಚಾರ್ಯರು ಅದರ ಮೇಲೆ ಹುಬ್ಬಳ್ಳಿಯ ದುರ್ಗದಬೈಲಿನ ಸಂತೆಗೆ ಹೋಗಿ ಬಾಳೆಎಲೆ ಕೊಳ್ಳಲು ಇಳಿದಿದ್ದರು; ತಿರುಗಿ ನೋಡುವಷ್ಟರಲ್ಲಿ ಇರಲಿಲ್ಲ.

ಕದ್ದವನು ಶಿರಗುಪ್ಪಿ ಕಡೆಯ ದ್ಯಾಮಣ್ಣನೆಂದು ಬೇಗನೆ ತಿಳಿಯಿತು. ಬಿಂದುಮಾಧವನ ತಾಯಿ ಅಂಬಾಬಾಯಿ ಸೀಟಿಗೆ ಹೊಲಿದಿದ್ದ ಹಸಿರು ಗವಸನ್ನು ಸಹ ತೆಗೆಯದೆ ಅವನು ರಾಜಾರೋಷವಾಗಿ ತಿರುಗುತ್ತಿದ್ದ. ಆಚಾರ್ಯರು ಟಾಂಗಾ ಮಾಡಿಕೊಂಡು ಬೆನ್ನು ಹತ್ತಿದರೆ, "ಆಚಾರ್ರ, ಕುದುರಿಗೆ ಹುಲ್ಲು ಹಾಕ್ರಿ ಮೊದಲ!" ಎಂದು ನಕ್ಕು ಹಾರಿಹೋದ.

ಆ ನಗೆ ಆಚಾರ್ಯರ ಎದೆಯಲ್ಲಿ ಮುಳ್ಳಾಗಿ ನಿಂತಿತು. ಸೈಕಲ್ ರಿಪೇರಿಯ ಮಕಬೂಲಸಾಬರ ಅಂಗಡಿಗೆ ಹೋದರು.

"ನನಗ ಎಲ್ಲಾಕಿಂತ ಜೋರು ಓಡೋ ಗಾಡಿ ಬೇಕು, ಸಾಬರ."

"ಅಂಥಾದೊಂದು ಅದ. ರೇಲ್ವೆ ಸಾಹೇಬ ಬಿಟ್ಟು ಹೋದ ರೇಸಿನ ಗಾಡಿ. ನಿಮ್ಮ ವಯಸ್ಸಿಗೆ ಬ್ಯಾಡ್ರಿ. ಪೊಲೀಸರಿಗೆ ಹೇಳ್ರಿ."

"ನನ್ನ ಮಗ ಉಸಿರಿಗೆ ಹ್ಯಾಂಗ ಒದ್ದಾಡಿದ, ಅಂವನೂ ಹಂಗ ಒದ್ದಾಡೋದು ನಾ ನೋಡಬೇಕು."

ಸಾಬರು ಸೈಕಲ್ಲು ಹೊರಗೆ ತಂದರು. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಕೆಳಗೆ ಬಾಗಿತ್ತು. ಹಳೆಯದರ ಮೇಲೆ ಕುರ್ಚಿಯಲ್ಲಿ ಕೂತಂತೆ ಕೂಡುತ್ತಿದ್ದ ಆಚಾರ್ಯರು ಇದರ ಮೇಲೆ ಬೋರಲಾಗಬೇಕಾಯಿತು. ಗಾಲಿ ತಿರುಗುವ ತನಕ ಪೆಡಲು ನಿಲ್ಲುತ್ತಿರಲಿಲ್ಲ; ಕಾಲಿಗೆ ವಿಶ್ರಾಂತಿಯೇ ಇಲ್ಲ. ಮೊದಲ ದಿನ ಧೋತರ ಚೈನಿಗೆ ಸಿಕ್ಕು ಬಿದ್ದರು. ಆಮೇಲೆ ಕಚ್ಚೆಯನ್ನು ಪೈಲವಾನನಂತೆ ಬಿಗಿದು ಕಟ್ಟಿದರು.

"ಪೆಡಲಿನ ಕೂಡ ಜಗಳಾಡಬ್ಯಾಡ್ರಿ, ಗಾಡಿ ಹೇಳಿದಂಗ ಕೇಳ್ರಿ," ಎಂದರು ಸಾಬರು.

ಪ್ರತಿಯೊಂದು ತುಳಿತಕ್ಕೂ ಆಚಾರ್ಯರು ನರಸಿಂಹನ ಹೆಸರು ಹೇಳಿದರು. ಬೆನ್ನು ನೋಯುವುದು ನಿಂತಿತು. ಸಿಟ್ಟು ನಿಲ್ಲಲಿಲ್ಲ.

ದ್ಯಾಮಣ್ಣ ಜಾಣ. ಟಾಂಗಾದ ಪ್ರಸಂಗದ ನಂತರ ಅವನು ಏಕಾದಶಿಯ ದಿನ ಮಾತ್ರ ಹುಬ್ಬಳ್ಳಿಗೆ ಬರುತ್ತಿದ್ದ. ಅಂದು ಆಚಾರ್ಯರು ನೀರು ಸಹ ಮುಟ್ಟದೆ ಇಡೀ ದಿನ ಮಠದಲ್ಲಿ ಕೂಡುತ್ತಾರೆಂದು ಅವನಿಗೆ ಗೊತ್ತಿತ್ತು. ಅದನ್ನು ಕೇಳಿ ಆಚಾರ್ಯರು ಮುಂದಿನ ಏಕಾದಶಿಗೆ ಉಪವಾಸವನ್ನು ಇಟ್ಟುಕೊಂಡರು, ಮಠಕ್ಕೆ ಹೋಗುವುದನ್ನು ಬಿಟ್ಟರು.

ಊರ ಹೊರಗೆ ದ್ಯಾಮಣ್ಣ ಹಾಡುತ್ತ ಹೊರಟಿದ್ದ. ತಿರುಗಿ ನೋಡಿ, ಹಿಂದೆ ರೇಸಿನ ಗಾಡಿಯ ಮೇಲೆ ಆಚಾರ್ಯರನ್ನು ಕಂಡು ಹಾಡು ನಿಲ್ಲಿಸಿ ಜೋರಾಗಿ ತುಳಿದ. ಆಚಾರ್ಯರು ಅವನನ್ನು ದಾಟಬಹುದಿತ್ತು; ದಾಟಲಿಲ್ಲ. ಮಾರು ದೂರದಲ್ಲಿ ಬೆನ್ನಿಗೆ ಅಂಟಿಕೊಂಡರು.

"ತುಳಿ! ನಿಲ್ಲಬ್ಯಾಡ! ಎಷ್ಟು ಉಸಿರದ ನೋಡೂಣು!"

"ಬಿಡ್ರಿ ಯಪ್ಪಾ, ಗಾಡಿ ತೊಗೋರಿ!"

"ಗಾಡಿ ಯಾರಿಗೆ ಬೇಕಾಗೇದ? ತುಳಿ!"

ಎರೆ ಹೊಲಗಳ ನಡುವೆ ದ್ಯಾಮಣ್ಣ ಸೈಕಲ್ಲು ಸಮೇತ ಉರುಳಿದ. ಬಾಯಿ ಬಿಟ್ಟು ಎದೆ ಹಿಡಿದುಕೊಂಡ. "ನೀರು..." ಎಂದ.

ಆಚಾರ್ಯರು ನಿಂತು ನೋಡಿದರು. ತಾವು ಬೇಡಿದ್ದು ಇದೇ ನೋಟವನ್ನು. ಪಕ್ಕೆಲುಬು ಏರಿ ಇಳಿಯುವುದು, ಮೂಗಿನ ಹೊಳ್ಳೆ ಅರಳುವುದು, ಎಲ್ಲವೂ ಅದೇ. ಬಹಳ ಹೊತ್ತು ನೋಡಲಾಗಲಿಲ್ಲ. ಹತ್ತಿರದ ಹಳ್ಳಕ್ಕೆ ಇಳಿದು ಉತ್ತರೀಯ ತೋಯಿಸಿ ತಂದು ಅವನ ಬಾಯಿಗೆ ಹಿಂಡಿದರು. ಉಪವಾಸದಲ್ಲಿ ಅವರದೇ ನಾಲಿಗೆ ಒಣಗಿತ್ತು.

ದ್ಯಾಮಣ್ಣ ಅವರ ಕಾಲು ಮುಟ್ಟಲು ಬಂದ. "ನೀವು ದೇವರಂಥವರ್ರಿ..."

"ಕಾಲು ಬಿಡು. ಪುಣ್ಯಾ ಗಳಸಾಕ ಕುಡಿಸಿಲ್ಲ," ಎಂದರು ಆಚಾರ್ಯರು. "ಏಳು. ನನ್ನ ಮಗನ ಗಾಡಿ ಹತ್ತಬ್ಯಾಡ, ನೂಕು. ದುರ್ಗದಬೈಲಿನ ನಟ್ಟನಡಬರಕ ಹಾದು ಪೊಲೀಸ ಚೌಕಿಗೆ ಹೋಗೂಣು. ಸಂತಿ ಮಂದಿ ಎಲ್ಲಾ ನೋಡಲಿ."