ಕಾಳು ಮುಟ್ಟದ ಗಂಟು

ಚಳ್ಳಕೆರೆಯ ವೆಲ್ಡಿಂಗ್ ಅಂಗಡಿಯ ರಸೂಲ್ ಸಾಬರಿಗೆ ಕಬ್ಬಿಣ ಕಾಯುವ ಮೊದಲೇ ತಲೆ ಕಾಯುತ್ತಿತ್ತು. ಸವೆದ ಲೋಹಕ್ಕೆ ಗಟ್ಟಿ ಪದರ ಹಾಕುವ ಪ್ಲಾಸ್ಮಾ ಯಂತ್ರ ತಂದ ಮೇಲಂತೂ ಕೇಳುವುದೇ ಬೇಡ. ಅದಕ್ಕೆ ಎರಡು ಮೂತಿ. ಒಂದರಲ್ಲಿ ಉರಿ ಒಳಗೇ ಕುಣಿದು ಲೋಹದ ಪುಡಿಯನ್ನು ಬರೀ ಎರಚುತ್ತದೆ, ಗೋಡೆಗೆ ಸುಣ್ಣ ಬಳಿದಂತೆ. ಇನ್ನೊಂದರಲ್ಲಿ ಉರಿ ಕಬ್ಬಿಣಕ್ಕೇ ಹಾರಿ, ಅದರ ಮೈಯನ್ನೂ ಪುಡಿಯನ್ನೂ ಕೂಡಿಸಿ ಕರಗಿಸುತ್ತದೆ. ಒತ್ತಿ ಅರೆಯುವ ಲೋಹದ ಮೇಲೆ ಬರೀ ಎರಚಿದ್ದು ನಿಲ್ಲದು, ಎರಡನೆಯದೇ ಬೇಕು. ಇಷ್ಟು ತಿಳಿಯುವಷ್ಟರಲ್ಲಿ ಸಾಬರು ಸುಮಾರು ಕಬ್ಬಿಣ ಹಾಳುಮಾಡಿ, ಯಂತ್ರ ಮಾರಿದವನ ವಂಶವನ್ನೆಲ್ಲ ಬೈದಿದ್ದರು.

ಆಗ ಮೊಳಕಾಲ್ಮೂರಿನ ಎಣ್ಣೆ ಮಿಲ್ಲಿನ ಜಯದೇವಪ್ಪ, ಶೇಂಗಾ ಅರೆಯುವ ತಿರುಪು ಸವೆದಿದೆಯೆಂದು ಹೊತ್ತು ತಂದ. ಅವನೊಬ್ಬ ಒಪ್ಪಿದರೆ ಆ ಕಡೆಯ ಮಿಲ್ಲುಗಳೆಲ್ಲ ಬರುತ್ತವೆ. ಮೂಗು ಮುರಿದರೆ ಯಂತ್ರ ಮೂಲೆಗೆ. ಸಾಬರು ಎರಡನೆಯ ಮೂತಿ ಹಿಡಿದು, ಬೇಕಾದಷ್ಟೇ ತೆಳುವಾಗಿ, ನುಣ್ಣಗೆ ಪದರ ಕೂರಿಸಿದರು.

ಜಯದೇವಪ್ಪ ತಿರುಪನ್ನು ಹೊರಳಿಸಿ ನೋಡಿದ. "ಏನ್ ಸಾಬ್ರೇ, ಬರೀ ತೊಳ್ದು ಇಟ್ಟಿದ್ದೀರಾ? ವೆಲ್ಡಿಂಗ್ ಎಲ್ಲೈತೆ?"

"ನಿಮ್ ಕೈಯಾಗೇ ಐತಲ್ರೀ."

"ಗಂಟೇ ಇಲ್ಲ! ಹಳೇ ವೆಲ್ಡಿಂಗ್ ಕಡ್ಡೀಲಿ ಹಾಕಿದ್ರೆ ಹಾಗಲಕಾಯಿ ತರ ಎದ್ದು ಕಾಣ್ತಿತ್ತು. ನಮ್ ಕಡೆ ಗಂಟು ನೋಡ್ದೆ ಯಾರೂ ಮಾಲು ಎತ್ತಲ್ಲ."

"ಹಾಗಲಕಾಯಿ ಬೇಕಿದ್ರೆ ಸಂತೆಗೆ ಹೋಗ್ರೀ!"

ಒಳಗಿನಿಂದ ಹೆಂಡತಿ ಕುಲ್ಸುಮ್ ಬೀ ಕೆಮ್ಮಿದಳು. ಗಿರಾಕಿ ಎದ್ದು ಹೋಗುವ ಹೊತ್ತಿಗೆ ಸರಿಯಾಗಿ ಅವಳಿಗೆ ಕೆಮ್ಮು ಬರುತ್ತಿತ್ತು. ಸಾಬರು ಹಲ್ಲು ಕಚ್ಚಿ, ಹಳೇ ಕಡ್ಡಿ ಹಿಡಿದು, ಆ ನುಣುಪಿನ ಮೇಲೆಲ್ಲ ಗಂಟು ಎಬ್ಬಿಸಿದರು. ಜಯದೇವಪ್ಪ ನಗುನಗುತ್ತಾ ಹೋದ.

ವಾರ ತುಂಬುವ ಮೊದಲೇ ತಿರುಪಿನ ಸಮೇತ ಲಗೇಜ್ ಆಟೋದಲ್ಲಿ ಬಂದಿಳಿದ.

"ನಿಮ್ ಹೊಸ ಮಿಷನ್ನಿನ ಕೆಲ್ಸ ಉದುರಿ ಹಿಂಡಿಗೆ ಬಿತ್ತು! ಮಿಲ್ಲು ನಿಂತೈತೆ!"

"ಉದುರಿದ್ದು ನಿಮ್ ಹಾಗಲಕಾಯಿ! ನನ್ ಕೆಲ್ಸ ಇಲ್ಲಿ ನೋಡ್ರಿ!" ಸಾಬರು ಗಂಟುಗಳ ನಡುವಿನ ನುಣುಪಿಗೆ ಅರ ಎಳೆದರು. ಅರ ಜಾರಿತು, ಗೀರು ಬೀಳಲಿಲ್ಲ.

ಜಯದೇವಪ್ಪ ಬೆರಳಾಡಿಸಿದ. "ಗಟ್ಟಿ ಐತೆ, ಒಪ್ಕಂತೀನಿ. ಆದ್ರೂ ಗಂಟಿಲ್ದಿದ್ರೆ ನೋಡ್ದೋರು ಏನಂತಾರೆ?"

ಮತ್ತೆ ಕೆಮ್ಮು. ಸಾಬರು ಉಳಿದ ಗಂಟು ಸವರಿ ತೆಗೆದು, ಚಕ್ಕೆ ಎದ್ದಲ್ಲಿ ಪ್ಲಾಸ್ಮಾದಿಂದ ತುಂಬಿದರು. ಆಮೇಲೆ ತಿರುಪಿನ ಬಾಲದಲ್ಲಿ, ಎಣ್ಣೆ ಯಂತ್ರದಿಂದ ಹೊರಗೆ ಚಾಚುವ ತುದಿಯಲ್ಲಿ, ಒಂದು ಕಾಳೂ ಮುಟ್ಟದ ಕಡೆ, ದಪ್ಪ ದಪ್ಪ ಗಂಟು ಮೆತ್ತಿದರು.

ಸೀಜನ್ ಮುಗಿದ ಮೇಲೆ ಜಯದೇವಪ್ಪ ಬಿ.ಜಿ. ಕೆರೆಯ ಮಿಲ್ಲಿನ ಶಿವಣ್ಣನನ್ನು ಕರೆತಂದ. "ಇವ್ರ ಕೈ ಅಂದ್ರೆ ಕೈ! ಇಷ್ಟ್ ದಿನ ಓಡಿದ್ರೂ ಒಂದ್ ಗಂಟೂ ಸವೆದಿಲ್ಲ ಕಣಯ್ಯ!"

ಶಿವಣ್ಣ ತನ್ನ ತಿರುಪು ಇಳಿಸಿದ. "ನಮಗೂ ಆ ಗಂಟೇ ಹಾಕ್ರಿ ಸಾಬ್ರೇ. ಪ್ಲಾಸ್ಮಾ ಗೀಸ್ಮಾ ಬ್ಯಾಡ."

ಸಾಬರ ಬಾಯಿ ತೆರೆಯಿತು. ಒಳಗೆ ಕೆಮ್ಮು ಕೇಳಿತು. ಬಾಯಿ ಮುಚ್ಚಿತು.

"ಹಾಕೋಣಂತೆ. ಆದ್ರೆ ಗಂಟು ಕೂರ್ಬೇಕಂದ್ರೆ ಮೊದ್ಲು ತಿರುಪಿನ ಮೈ ತೊಳೀಬೇಕು," ಎಂದು ಸಾಬರು ಪ್ಲಾಸ್ಮಾ ಹೊತ್ತಿಸಿದರು.