ಕೆನ್ನೆಯೊಳಗಿನ ಹತ್ತಿ

ಹೊಲಿಗೆಯಮ್ಮನ ಮಗಳು ಪುಟ್ಟಿ ಊಟದ ತಟ್ಟೆ ಕಂಡರೆ ಮುಖ ತಿರುಗಿಸುತ್ತಿದ್ದಳು. ತುತ್ತು ಬಾಯಿಗಿಟ್ಟರೆ ಹಲ್ಲುನೋವೆಂದು ಅಳುತ್ತಿದ್ದಳು. ಊಟ ಬಿಟ್ಟರೇನು, ಶಕ್ತಿಪುಡಿ ಇದೆಯಲ್ಲ ಎಂದು ತಾಯಿ ಬೆಳಿಗ್ಗೆ, ಸಂಜೆ, ಮಲಗುವಾಗ ಹಾಲಿಗೆ ಪುಡಿ ಬೆರೆಸಿ ಕುಡಿಸುತ್ತಿದ್ದಳು.

ಆ ನಂಬಿಕೆಯ ಮೂಲ ಅವಳ ಅಂಗಡಿಯ ಹೊಲಿಗೆ ಯಂತ್ರದ ಮೇಲಿನ ಗೋಡೆಯಲ್ಲೇ ಇತ್ತು. ಅದೇ ಪುಡಿಯ ಹಳೇ ತಗಡಿನ ಜಾಹೀರಾತು ಅಲ್ಲಿ ನೇತಾಡುತ್ತಿತ್ತು. ಅದರಲ್ಲಿ ಕೆನ್ನೆ ಉಬ್ಬಿದ, ನಗುವ ಮಗು. ಕೆಳಗೆ ‘ನಿಜವಾದ ತಾಯಿ ಇದನ್ನೇ ಕೊಡುತ್ತಾಳೆ’ ಎಂಬ ಬರಹ. ಹಾಗಾದರೆ ಕೊಡದವಳು ಸುಳ್ಳು ತಾಯಿಯೇ? ಎಂಥ ಮಾತು ನೋಡಿ. ಮಗುವಿಗೆ ಆಸೆ ಹುಟ್ಟಿಸುವುದು, ತಾಯಿಗೆ ಅಂಜಿಕೆ ಹುಟ್ಟಿಸುವುದು, ಎರಡೂ ಒಂದೇ ತಗಡಿನಲ್ಲಿ. ಚಿತ್ರದ ಮಗು ಬೇರಾರೂ ಅಲ್ಲ, ಚಿಕ್ಕಂದಿನಲ್ಲಿ ಹೊಲಿಗೆಯಮ್ಮನ ಅತ್ತೆ. ಬಂದ ಗಿರಾಕಿಗೆಲ್ಲ ಅದನ್ನು ತೋರಿಸಿ ಹೊಲಿಗೆಯಮ್ಮ ಬೀಗುತ್ತಿದ್ದಳು.

ಒಂದು ದಿನ ಯೂನಿಫಾರ್ಮ್ ಹೊಲಿಸಲು ಬಂದ ಪಕ್ಕದ ಮನೆಯ ನರ್ಸಮ್ಮ ಪುಟ್ಟಿಯ ಬಾಯಿ ತೆರೆಸಿ ನೋಡಿದರು. ಹಿಂದಿನ ಹಲ್ಲುಗಳು ಹುಳುಕು ಹಿಡಿದು ಕಪ್ಪಾಗಿದ್ದವು. ಒಂದರ ಬುಡದಲ್ಲಿ ಕೀವು. ಅವರು ಪುಡಿಯ ಡಬ್ಬಿ ತರಿಸಿ ಹಿಂಬದಿಯ ಸಣ್ಣಕ್ಷರ ಓದಿದರು. ಮೊದಲ ಹೆಸರೇ ಸಕ್ಕರೆ. ಯಾವುದನ್ನು ಹೆಚ್ಚು ಹಾಕಿರುತ್ತಾರೋ ಅದನ್ನೇ ಮೊದಲು ಬರೆಯುತ್ತಾರೆ ಎಂದು ವಿವರಿಸಿದರು. ಸಿಹಿ ಕುಡಿದು ಹಾಗೇ ಮಲಗಿದರೆ ಹಲ್ಲು ಕೆಡುತ್ತದೆ, ಅದರಲ್ಲೇ ಹೊಟ್ಟೆ ತುಂಬಿದ ಮಗು ಊಟ ಮುಟ್ಟುವುದಿಲ್ಲ ಎಂದರು.

ಹೊಲಿಗೆಯಮ್ಮನಿಗೆ ಸಿಟ್ಟು ಬಂತು. “ನಮ್ಮತ್ತೆ ಕೆನ್ನೆ ನೋಡಿ ನರ್ಸಮ್ಮ. ಇದನ್ನ ಕುಡಿದೇ ಹಾಗಿದ್ದಿದ್ದು.”

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆ ಸೂಜಿ ಕೆಳಗಿಟ್ಟರು.

“ಅದು ಕೆನ್ನೆ ಅಲ್ಲ ಕಣೆ, ಹತ್ತಿ. ಆಗ ನಾನು ಕಡ್ಡಿ ಥರ ಇದ್ದೆ. ಫೋಟೋ ತೆಗೆಯೋರು ಬಾಯಿ ಎರಡೂ ಕಡೆ ಹತ್ತಿ ಉಂಡೆ ತುರುಕಿ ನಗು ಅಂದ್ರು, ನಕ್ಕೆ. ಕೈಗೆ ಕೊಟ್ಟ ಡಬ್ಬಿನೂ ಖಾಲಿ. ಒಂದು ಚಮಚ ಪುಡಿನೂ ನನ್ನ ಬಾಯಿಗೆ ಬೀಳ್ಲಿಲ್ಲ.”

ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಸೊಸೆ ಕೇಳಿದಳು. ನೀನು ನಾಲ್ಕು ಜನರೆದುರು ಹೊಗಳುವಾಗ ಕೇಳಲು ಚೆನ್ನಾಗಿತ್ತು, ಅದು ಮಗುವಿನ ಹಲ್ಲಿಗೆ ಕುತ್ತು ತರುತ್ತದೆಂದು ತಿಳಿಯಲಿಲ್ಲ ಎಂದರು ಅತ್ತೆ.

ಹೊಲಿಗೆಯಮ್ಮ ಅಂಗಡಿ ಬಾಗಿಲಿನ ಗೊಂಬೆಯ ಕಡೆ ನೋಡಿದಳು. ಅದರ ಫ್ರಾಕಿನ ತೋಳು ಉಬ್ಬಿ ಕಾಣಲೆಂದು ಹತ್ತಿ ತುರುಕಿದ್ದು ಅವಳೇ. ಅದೇ ಉಪಾಯ ತನ್ನ ಮೇಲೂ ನಡೆದಿತ್ತು. ಅವಳ ಮೈ ಉರಿಯಿತು.

“ನಾನು ಹತ್ತಿ ತುಂಬಿದ್ರೆ ಬರೀ ತೋಳು ಉಬ್ಬುತ್ತೆ. ಈ ಪುಡಿ ಮಾರೋರು ನನ್ನ ಮಗಳ ಹಲ್ಲೇ ಹಾಳು ಮಾಡಿದ್ರಲ್ಲ.”

ಅಂದೇ ಪುಟ್ಟಿಯನ್ನು ಹಲ್ಲಿನ ಡಾಕ್ಟರ ಬಳಿ ಕರೆದೊಯ್ದಳು. ಒಂದು ಹಲ್ಲು ಹೋಯಿತು, ಮಿಕ್ಕವು ಉಳಿದವು. ಪುಡಿ ಬಿಟ್ಟ ಪುಟ್ಟಿ ಈಗ ಎಲ್ಲರ ಜೊತೆ ಕೂತು ಉಣ್ಣುತ್ತಾಳೆ. ಆ ತಗಡು ಬಟ್ಟೆ ಕತ್ತರಿಸುವ ಮೇಜಿನ ಕುಂಟು ಕಾಲಿನ ಕೆಳಗಿದೆ. ಇಟ್ಟವರು ಅತ್ತೆಯೇ.

ಅಪ್ಪ ಅಮ್ಮಂದಿರೇ, ನಗುವ ಮಗು ಇಂದಿನ ಡಬ್ಬಿಯ ಮೇಲೂ ಇದೆ. ನೀವು ಒಳ್ಳೆಯ ತಾಯಿತಂದೆ ಎಂದು ಡಬ್ಬಿಯಿಂದ ಸರ್ಟಿಫಿಕೇಟ್ ಪಡೆಯಬೇಕಿಲ್ಲ. ಅದನ್ನು ತಿರುಗಿಸಿ, ಸಣ್ಣಕ್ಷರ ಓದಿ. ಚಿತ್ರದ ಮಗುವಿನ ಕೆನ್ನೆ ನೋಡಿದ್ದು ಸಾಕು, ನಿಮ್ಮ ಮಗುವಿನ ಬಾಯಿ ತೆರೆಸಿ ನೋಡಿ.